ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ



ನಿವೃತ್ತನಾದ ಮೇಷ್ಟರ ಬಳಿಗೆ ತಪ್ಪು ತಿದ್ದಿಸಿಕೊಳ್ಳಲು ಯಾರೂ ಬರುವುದಿಲ್ಲ. ಆದ್ದರಿಂದ ಕಳೆದ ಶ್ರಾವಣದಲ್ಲಿ ಕೊಳ್ಳೇಗಾಲದ ನನ್ನ ತಮ್ಮನ ಮಗ ಫೋನು ಮಾಡಿ, "ದೊಡ್ಡಪ್ಪ, ಮೆಷಿನ್ನು ಅಳತೆ ತಪ್ತಾ ಇದೆ, ಒಂದ್ಸಲ ಬಂದು ನೋಡ್ತೀರಾ?" ಎಂದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ಆದರೆ ಅಲ್ಲಿ ನಾನು ತಿದ್ದಿದ್ದಕ್ಕಿಂತ ತಿದ್ದಿಸಿಕೊಂಡದ್ದೇ ಹೆಚ್ಚು. ಅದನ್ನು ನಿಮ್ಮೆದುರು ಹೇಳಿಕೊಳ್ಳಬೇಕೆಂದೇ ಈ ಬರಹ.

ಅವನ ಬಳಿ ಇರುವುದು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ, ಗಣಕಯಂತ್ರದ ಅಪ್ಪಣೆಯಂತೆ ಮರವನ್ನು ಕೊರೆಯುವ ಯಂತ್ರ. ಸಿಎನ್‌ಸಿ ಎಂದರೆ ಪೀಣ್ಯದಲ್ಲಿ ದುಡಿಯುತ್ತಿರುವ ನನ್ನ ಶಿಷ್ಯರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಒಂದು ಮಾತು. ನಮ್ಮ ರೇಷ್ಮೆ ಸೀರೆಯ ಊರಿನಲ್ಲಿ ಜಕಾರ್ಡ್ ಮಗ್ಗವನ್ನು ನೋಡಿದವರು ನೀವು. ರಟ್ಟಿನಲ್ಲಿ ತೂತು ಇದ್ದರೆ ಒಂದು ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಈ ಯಂತ್ರವೂ ಅದೇ ವಂಶದ್ದು. ರಟ್ಟಿನ ಬದಲು ಅಂಕಿಗಳ ಸಾಲು, ಎಳೆಯ ಬದಲು ಮೂರು ದಿಕ್ಕಿಗೆ ಚಲಿಸುವ ಮೂರು ಮೋಟಾರು, ಅಷ್ಟೇ ವ್ಯತ್ಯಾಸ. ಹುಡುಗನು ಬಿಡಿಭಾಗಗಳನ್ನು ತರಿಸಿ ತಾನೇ ಜೋಡಿಸಿದ್ದಾನೆ. ಬಿಡುವಿನಲ್ಲಿ ಮನೆಗಳಿಗೆ ಹೆಸರಿನ ಫಲಕಗಳನ್ನು ಕೊರೆದು ಕೊಡುತ್ತಾನೆ.

ಅದರ ಲೆಕ್ಕ ಬಹಳ ಚೆಂದ. ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಅದನ್ನು ನಡೆಸುವ ವಿದ್ಯುತ್ ಮಂಡಲವು ಒಂದೊಂದು ಹೆಜ್ಜೆಯನ್ನೂ 16 ಪಾಲು ಮಾಡುತ್ತದೆ. ಅಲ್ಲಿಗೆ ಒಂದು ಸುತ್ತಿಗೆ 3200 ಪುಟ್ಟ ಹೆಜ್ಜೆಗಳು. ಮೋಟಾರಿಗೆ ಜೋಡಿಸಿದ ತಿರುಪಿನ ಸರಳು ಒಂದು ಸುತ್ತಿಗೆ 4 ಮಿಲಿಮೀಟರ್ ಮುಂದೆ ತಳ್ಳುತ್ತದೆ. ಹಾಗಾದರೆ ಒಂದು ಮಿಲಿಮೀಟರಿಗೆ 800 ಹೆಜ್ಜೆ. ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ.

ಆದರೂ ಫಲಕ ಅಳತೆಗೆ ಬರಲಿಲ್ಲ. ಅಡ್ಡ ದಿಕ್ಕಿನಲ್ಲಿ 100 ಮಿಲಿಮೀಟರ್ ಇರಬೇಕಾದದ್ದು 99.8 ಆಯಿತು. ಹುಡುಗ ಬುದ್ಧಿವಂತ. ಯಂತ್ರಕ್ಕೆ ಕೊಟ್ಟಿದ್ದ 800 ಎಂಬ ಅಂಕಿಯನ್ನು 801.6 ಎಂದು ಬದಲಿಸಿದ. ಮರುಕ್ಷಣವೇ ಫಲಕ ಸರಿಯಾಗಿ 100 ಬಂದಿತು. ಆದರೆ ಮಾರನೆಯ ದಿನ 50ರ ಫಲಕ ಕೊರೆದರೆ 49.9, 150ರದ್ದು ಕೊರೆದರೆ 150.1! "ಒಂದು ಕಡೆ ಸರಿಹೋದ್ರೆ ಇನ್ನೊಂದು ಕಡೆ ಕೆಡುತ್ತೆ ದೊಡ್ಡಪ್ಪ" ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

ಹಳೆಯ ಅಂಕಿಯಲ್ಲಿ ಈ ಎರಡು ಫಲಕಗಳು ಹೇಗೆ ಬಂದಿದ್ದವು ಎಂದು ಕೇಳಿದೆ. ಅವನು ಚೀಟಿ ಹುಡುಕಿ ತಂದ. 49.8, 99.8, 149.8. ಶಿಷ್ಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಅಳತೆಗೋಲೇ ತಪ್ಪಾಗಿದ್ದರೆ ದೂರ ಹೆಚ್ಚಿದಂತೆ ತಪ್ಪೂ ಹೆಚ್ಚಬೇಕು, 50ಕ್ಕೆ 0.1, 150ಕ್ಕೆ 0.3 ಕಡಿಮೆಯಾಗಬೇಕು. ಇಲ್ಲಿ ದೂರ ಎಷ್ಟೇ ಇರಲಿ, ಕಳೆದುಹೋಗುತ್ತಿದ್ದುದು ಅದೇ 0.2. ರೋಗ ಗುಣಾಕಾರದ್ದಲ್ಲ, ವ್ಯವಕಲನದ್ದು. ಹುಡುಗ ವ್ಯವಕಲನದ ರೋಗಕ್ಕೆ ಗುಣಾಕಾರದ ಮದ್ದು ಕೊಟ್ಟಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಲೇತ್ ಕೆಲಸದ ಅಂಗಡಿಯೊಂದರಿಂದ ಡಯಲ್ ಗೇಜನ್ನು ಎರವಲು ತಂದೆವು. ಗಡಿಯಾರದಂತಹ ಮುಖ, ಮುಳ್ಳು ಒಂದು ಗೆರೆ ಸರಿದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ಅದರ ಅಯಸ್ಕಾಂತದ ಪೀಠ ಯಂತ್ರದ ಅಲ್ಯೂಮಿನಿಯಂ ಚೌಕಟ್ಟಿಗೆ ಹಿಡಿಯಲಿಲ್ಲ. ಕಬ್ಬಿಣದ ಹಲಗೆಯೊಂದನ್ನು ತಂದು ಭದ್ರಪಡಿಸಿ ಕೂರಿಸಿದೆವು. ಮೊದಲು ಒಂದೇ ದಿಕ್ಕಿನಲ್ಲಿ 10 ಮಿಲಿಮೀಟರ್ ನಡೆಸಿದಾಗ ಮುಳ್ಳು 10.02 ತೋರಿಸಿತು. ಹುಡುಗ ಸೇರಿಸಿದ್ದ ಸುಳ್ಳು ಅಲ್ಲಿಯೇ ಬಯಲಾಯಿತು. ಅಂಕಿಯನ್ನು ಮರಳಿ 800ಕ್ಕೆ ತಂದು ನಡೆಸಿದರೆ ಸರಿಯಾಗಿ 10.00. ಬಳಿಕ ದಿಕ್ಕು ಬದಲಿಸಿ ಒಂದು ಮಿಲಿಮೀಟರ್ ಹಿಂದಕ್ಕೆ ಕರೆದೆವು. ಮೋಟಾರು ತಿರುಗಿತು, ಮುಳ್ಳು ಒಂದು ಗಳಿಗೆ ಅಲುಗಲಿಲ್ಲ. ಆಮೇಲೆ ಹೊರಟು 0.80 ಮಾತ್ರ ಹಿಂದೆ ಬಂದು ನಿಂತಿತು. ಅದೇ ದಿಕ್ಕಿನಲ್ಲಿ ಇನ್ನೊಂದು ಮಿಲಿಮೀಟರ್ ಕರೆದರೆ ಪೂರ್ತಿ 1.00.

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆ ಮಂಟಪವನ್ನು ನೀವು ನೋಡಿದ್ದೀರಿ. ಕಲ್ಲಿನಲ್ಲಿ ಕಡೆದ ಬಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಸರಪಣಿಯಾಗಿ ಇಳಿಬಿದ್ದಿವೆ. ಅಂತಹ ಸರಪಣಿಯ ಒಂದು ತುದಿಯನ್ನು ಎಳೆದರೆ ಇನ್ನೊಂದು ತುದಿ ಒಡನೆಯೇ ಅಲುಗುವುದಿಲ್ಲ. ಬಳೆಬಳೆಯ ನಡುವಿನ ಸಡಿಲವೆಲ್ಲ ಮುಗಿದ ಮೇಲೆಯೇ ಎಳೆತ ಅಲ್ಲಿಗೆ ತಲುಪುವುದು. ಯಂತ್ರದಲ್ಲಿ ದಿಕ್ಕು ಬದಲಾದಾಗಲೂ ಹೀಗೆಯೇ ಆಗುತ್ತದೆ. ಅದನ್ನು ಪುಸ್ತಕಗಳು ಬ್ಯಾಕ್‌ಲ್ಯಾಶ್ ಎನ್ನುತ್ತವೆ. ಮೆಕ್ಯಾನಿಕ್‌ಗಳು 'ಪ್ಲೇ' ಎನ್ನುತ್ತಾರೆ. ಎಡ ಅಂಚನ್ನು ಕೊರೆಯುವ ಮುನ್ನ ಯಂತ್ರ ಎಡಕ್ಕೆ ಚಲಿಸಿರುತ್ತದೆ, ಬಲ ಅಂಚಿಗೆ ಮುನ್ನ ಬಲಕ್ಕೆ. ಆ ತಿರುವಿನಲ್ಲಿ 0.2 ನುಂಗಿಹೋಗುತ್ತದೆ.

ಕಾರಣವನ್ನು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ತಿರುಪಿನ ಸರಳಿನ ತುದಿಯನ್ನು ಬೆರಳಿನಿಂದ ಹಿಂದೆ ಮುಂದೆ ಒತ್ತಿದಾಗ ಅದು ಬೇರಿಂಗಿನಲ್ಲಿ ಕೂದಲೆಳೆಯಷ್ಟು ಜಾರುತ್ತಿತ್ತು. ಅದನ್ನು ಹಿಡಿದಿರಬೇಕಾದ ಕಾಲರಿನ ಪುಟ್ಟ ತಿರುಪು ಸಡಿಲವಾಗಿತ್ತು. ಅಲೆನ್ ಕೀ ಹಾಕಿ ಬಿಗಿ ಮಾಡಿದ ಮೇಲೆ 0.20 ಎಂಬುದು 0.03ಕ್ಕೆ ಇಳಿಯಿತು. ಉಳಿದದ್ದು ನಟ್ಟಿನ ಸವೆತ. ಅಷ್ಟನ್ನು ಬೇಕಾದರೆ ತಂತ್ರಾಂಶ ಸರಿದೂಗಿಸಲಿ. ಲಿನಕ್ಸ್‌ಸಿಎನ್‌ಸಿಯಂತಹವುಗಳಲ್ಲಿ ಅದಕ್ಕೆ ವ್ಯವಸ್ಥೆಯಿದೆ. ಆದರೆ ಮೊದಲು ಅಲೆನ್ ಕೀ, ಆಮೇಲೆ ಅಂಕಿ ಎಂಬ ಕ್ರಮ ತಪ್ಪಬಾರದು.

ಪ್ರತಿಯೊಂದು ದೋಷಕ್ಕೂ ಅದರದೇ ಮುಖಲಕ್ಷಣ ಇದೆ ಎಂಬುದು ಅಂದು ನನಗೆ ಮನದಟ್ಟಾಯಿತು. ದೂರದೊಡನೆ ತಪ್ಪು ಬೆಳೆದರೆ ಅಂಕಿಯೇ ತಪ್ಪು. ದೂರ ಏನೇ ಇದ್ದರೂ ತಪ್ಪು ಒಂದೇ ಆಗಿದ್ದು, ಹೊರ ಅಂಚೂ ಒಳಗಿನ ಕುಳಿಯೂ ಎರಡೂ ಕಿರಿದಾದರೆ ಪ್ಲೇ. ಹೊರ ಅಂಚು ಕಿರಿದಾಗಿ ಕುಳಿ ಮಾತ್ರ ಹಿಗ್ಗಿದರೆ, ಕೊರೆಯುವ ಬಿಟ್ಟು ನಾವು ಬರೆದುಕೊಂಡದ್ದಕ್ಕಿಂತ ದಪ್ಪವಿದೆ, ಇಲ್ಲವೇ ಓಲಾಡುತ್ತಿದೆ. ಚೌಕದ ಎರಡು ಕರ್ಣಗಳು ಸಮನಾಗದಿದ್ದರೆ ಚೌಕಟ್ಟು ಮೂಲೆಮಟ್ಟಕ್ಕೆ ಇಲ್ಲ. ಕೆಲಸ ಮುಗಿಸಿ ಸೊನ್ನೆಗೆ ಮರಳಿ ಎಂದರೆ ಮರಳದೆ ಬೇರೆಡೆ ನಿಂತರೆ, ವೇಗವೋ ಭಾರವೋ ಹೆಚ್ಚಾಗಿ ಮೋಟಾರು ಹೆಜ್ಜೆ ತಪ್ಪಿದೆ. ಇಂತಹ ಅಗ್ಗದ ಯಂತ್ರಕ್ಕೆ ಕಣ್ಣಿಲ್ಲ. ಹೋಗು ಎಂದಷ್ಟು ಹೋಗಿದ್ದೇನೆ ಎಂದೇ ಅದು ನಂಬಿರುತ್ತದೆ.

ಇಷ್ಟು ಹೇಳಿ ಬೀಗುತ್ತಾ ಊರಿಗೆ ಮರಳುವ ಬಸ್ಸು ಹತ್ತಿದೆ. ದಾರಿಯಲ್ಲಿ ಹಳೆಯ ನೆನಪೊಂದು ಬಂದು ಆ ಹೆಮ್ಮೆಯನ್ನೆಲ್ಲ ಇಳಿಸಿತು.

1987ರಲ್ಲಿ ನಾನು ಬಿ.ಎಡ್. ಮುಗಿಸಿ ಹನೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಹೊಸದಾಗಿ ಸೇರಿದ್ದೆ. ಆಗ ಹನೂರು ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ನಾವೆಲ್ಲರೂ ಮೈಸೂರು ಜಿಲ್ಲೆಯವರು. ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಸ್ಕ್ರೂಗೇಜು, ಅದೂ ಸವೆದದ್ದು. ಮಕ್ಕಳು ಸಾಲಾಗಿ ಬಂದು ತಂತಿಯ ದಪ್ಪವನ್ನು ಅಳೆದು 0.54 ಎಂದು ಬರೆದರು. ಮೊದಲನೆಯವನು ಬರೆದದ್ದನ್ನೇ ಉಳಿದವರೂ ಬರೆದರು ಎಂಬುದು ನನಗೂ ಗೊತ್ತಿತ್ತು. ಒಬ್ಬ ಹುಡುಗ ಮಾತ್ರ ಎರಡು ಅಳತೆ ಬರೆದಿದ್ದ. ತಿರುಪನ್ನು ಮುಂದಕ್ಕೆ ತಿರುಗಿಸಿ ತಂತಿಗೆ ತಾಗಿದಾಗ 0.52, ಹಿಂದಕ್ಕೆ ತಿರುಗಿಸಿ ತಂತಿ ಸಡಿಲವಾದಾಗ 0.57. ನಾನು ಕೆಂಪು ಶಾಯಿಯಲ್ಲಿ "ಒಂದು ತಂತಿಗೆ ಎರಡು ದಪ್ಪವೇ?" ಎಂದು ಬರೆದು ತರಗತಿಯಲ್ಲಿ ಎಲ್ಲರೂ ನಗುವಂತೆ ಓದಿಹೇಳಿದೆ. ಮಾರನೆಯ ದಿನ ಅವನೂ 0.54 ಎಂದು ಬರೆದು ತಂದ. ಪೂರ್ಣ ಅಂಕ ಕೊಟ್ಟೆ.

ಆ ಹುಡುಗ ಪ್ಲೇಯನ್ನು ಅಳೆದಿದ್ದ. ತಿರುಪನ್ನು ಸದಾ ಒಂದೇ ದಿಕ್ಕಿನಲ್ಲಿ ತಿರುಗಿಸಿ ಅಳೆಯಬೇಕು ಎಂಬ ನಿಯಮವನ್ನು ನಾನು ಕಪ್ಪುಹಲಗೆಯ ಮೇಲೆ ಬರೆಸಿದ್ದೆ. ಏಕೆ ಎಂಬುದನ್ನು ಅವನು ಕೈಯಾರೆ ಕಂಡುಹಿಡಿದಿದ್ದ. ನನಗೆ ಅದು ತಪ್ಪು ಉತ್ತರವಾಗಿ ಕಂಡಿತು. 801.6 ಎಂದು ಬರೆದ ನನ್ನ ತಮ್ಮನ ಮಗನಿಗೂ, 0.54 ಬರೆಸಿದ ನನಗೂ ಏನು ಭೇದ? ಇಬ್ಬರೂ ಉತ್ತರವನ್ನು ಸರಿಮಾಡಿದೆವು, ಕಾರಣವನ್ನು ಮುಚ್ಚಿದೆವು. ಅವನು ಯಂತ್ರಕ್ಕೆ ಮಾಡಿದ್ದನ್ನು ನಾನು ಮಗುವಿಗೆ ಮಾಡಿದೆ.

ಇದು ನನ್ನೊಬ್ಬನ ಪಾಪವಲ್ಲ ಎಂದು ಸಮಾಧಾನ ಪಟ್ಟುಕೊಳ್ಳಲೂಬಹುದು. ಗುರುತ್ವದ ಬೆಲೆ 9.8 ಬಾರದಿದ್ದರೆ ಹಿಂದಿನಿಂದ ಲೆಕ್ಕ ಮಾಡಿ ಲೋಲಕದ ಕಾಲವನ್ನು ಹೊಂದಿಸಿ ಬರೆಯದ ಪ್ರಾಯೋಗಿಕ ಪುಸ್ತಕ ಎಷ್ಟಿದ್ದೀತು? ಆದರೆ ಕೈಗಾರಿಕೆಯ ಲೋಕ ಹೀಗೆ ನಡೆಯುವುದಿಲ್ಲ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಆರಂಭವಾಯಿತು; 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಇಂದು ಸಿಎಂಟಿಐ ಎಂದು ಹೆಸರಾದ ಸಂಸ್ಥೆ ತುಮಕೂರು ರಸ್ತೆಯಲ್ಲಿ ತಲೆಯೆತ್ತಿತು. ಯಂತ್ರದ ಸ್ಥಾನನಿಖರತೆಯನ್ನು ಪರೀಕ್ಷಿಸಲು ಐಎಸ್‌ಒ 230ರ ಎರಡನೆಯ ಭಾಗ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಪ್ರತಿಯೊಂದು ಗುರಿಯನ್ನೂ ಎರಡು ದಿಕ್ಕುಗಳಿಂದ, ಹಲವು ಬಾರಿ ಸಮೀಪಿಸಿ, ಬಂದ ಅಳತೆಯನ್ನೆಲ್ಲ ದಾಖಲಿಸಬೇಕೆಂದು ಅದು ವಿಧಿಸುತ್ತದೆ. ಎರಡು ದಿಕ್ಕು, ಎರಡು ಅಳತೆ! ನಾನು ಯಾವುದನ್ನು ನೋಡಿ ನಕ್ಕೆನೋ ಅದನ್ನೇ ಜಗತ್ತು ಶಾಸ್ತ್ರವೆಂದು ಒಪ್ಪಿಕೊಂಡಿದೆ.

ಈಗ ಶಾಲೆಗಳಿಗೆ ಹೊಸ ಯಂತ್ರಗಳು ಬರುತ್ತಿವೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ 6ರಿಂದ 12ನೆಯ ತರಗತಿಯ ಮಕ್ಕಳ ಕೈಗೆ ತ್ರೀಡಿ ಪ್ರಿಂಟರ್ ಸಿಗುತ್ತಿದೆ. ಅದರೊಳಗೂ ಇದೇ ಜಾತಿಯ ಮೋಟಾರು, ಇದೇ ಹೆಜ್ಜೆಗಳ ಲೆಕ್ಕ. ಇದು ಬಹಳ ಸಂತೋಷದ ವಿಷಯ. ಆದರೆ ಅಧ್ಯಾಪಕರಾಗಿರುವ ನನ್ನ ಶಿಷ್ಯರಲ್ಲಿ ಒಂದು ಬೇಡಿಕೆ. ಯಂತ್ರದ ಪಕ್ಕದಲ್ಲಿ ಒಂದು ಡಯಲ್ ಗೇಜನ್ನೂ, ಒಂದು ನೋಟುಪುಸ್ತಕವನ್ನೂ ಇಡಿ. ಪ್ರದರ್ಶನದ ದಿನ ಅಂದವಾಗಿ ಮೂಡಿದ ಆನೆಯ ಗೊಂಬೆಗೆ ಬಹುಮಾನ ಕೊಡುವಂತೆಯೇ, 20 ಮಿಲಿಮೀಟರಿನ ಘನ 19.8 ಏಕೆ ಬಂತು ಎಂದು ಮೂರು ಪುಟ ಬರೆದ ಮಗುವಿಗೂ ಬಹುಮಾನ ಕೊಡಿ. ಅಂಕಿ ಬದಲಿಸುವ ಮುನ್ನ ಹಳೆಯ ಅಂಕಿಯನ್ನು ಬರೆದಿಡುವುದನ್ನೂ, ಒಂದು ಸಲಕ್ಕೆ ಒಂದನ್ನೇ ಬದಲಿಸುವುದನ್ನೂ, ಒಂದೇ ಅಳತೆಗೆ ತೃಪ್ತರಾಗದೆ ಮೂರು ಅಳತೆಗಳಲ್ಲಿ ಪರೀಕ್ಷಿಸುವುದನ್ನೂ ಕಲಿಸಿ. ನಮ್ಮ ಹುಡುಗನನ್ನು ಕಾಪಾಡಿದ್ದು ಅವನು ಎಸೆಯದೆ ಇಟ್ಟುಕೊಂಡಿದ್ದ ಆ ಒಂದು ಚೀಟಿಯೇ.

ತಪ್ಪು ಉತ್ತರವೆಲ್ಲ ಪ್ರಾಮಾಣಿಕವೆಂದು ನಾನು ಹೇಳುತ್ತಿಲ್ಲ; ಸೋಮಾರಿತನದ ತಪ್ಪುಗಳನ್ನೂ ಬೇಕಾದಷ್ಟು ತಿದ್ದಿದ್ದೇನೆ. ಆದರೆ ಕೆಂಪು ಶಾಯಿ ಎತ್ತುವ ಮುನ್ನ "ಇದು ಹೇಗೆ ಬಂತಪ್ಪಾ?" ಎಂದು ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕಿತ್ತು?

ಆ ಹುಡುಗನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಈಗ ಅವನಿಗೂ ಐವತ್ತು ದಾಟಿರಬೇಕು. ಎಲ್ಲಿಯಾದರೂ ಕುಳಿತು ಅವನು ಇದನ್ನು ಓದುತ್ತಿದ್ದರೆ ತಿಳಿಯಲಿ: ಅಂದು ನಿನ್ನ ಎರಡು ಅಳತೆಗಳೂ ಸರಿಯಾಗಿದ್ದವು. ಅಂಕವನ್ನು ಈಗ ತಿದ್ದಲಾರೆ, ಷರಾವನ್ನು ಮಾತ್ರ ಹಿಂತೆಗೆದುಕೊಳ್ಳುತ್ತಿದ್ದೇನೆ.