ಒಂದೇ ತೊಟ್ಟಿಲಿನ ಎರಡು ಗಾಡಿಗಳು

ಸಂಸಾರಸ್ಥನು ಜೀವಮಾನದಲ್ಲಿ ಮೂರು ಸಲ ಹತ್ತು ಜನರ ಮಾತು ಕೇಳುತ್ತಾನೆ: ಮನೆ ಕಟ್ಟಿಸುವಾಗ, ಮಕ್ಕಳ ಮದುವೆ ಗೊತ್ತುಮಾಡುವಾಗ, ಮೋಟಾರು ಕೊಳ್ಳುವಾಗ. ಮೊದಲಿನ ಎರಡರಲ್ಲಿ ಹೇಳುವವರಿಗೆ ಅಷ್ಟಿಷ್ಟು ಅನುಭವವಿರುತ್ತದೆ. ಮೂರನೆಯದರಲ್ಲಿ ಅನುಭವಕ್ಕಿಂತ ಅಭಿಮಾನವೇ ಹೆಚ್ಚು. ತಾನು ಕೊಂಡ ಗಾಡಿಯೇ ಶ್ರೇಷ್ಠವೆಂದು ವಾದಿಸದ ಮಾಲೀಕನು ಇನ್ನೂ ಹುಟ್ಟಿಬರಬೇಕಾಗಿದೆ.

ಮಧ್ಯಮ ಗಾತ್ರದ ಎಸ್‌ಯುವಿ ಕೊಳ್ಳಹೊರಟ ಕುಟುಂಬಗಳ ಮುಂದೆ ಇಂದು ಹಲವು ಹೆಸರುಗಳಿವೆ. ಅವುಗಳಲ್ಲಿ ಎರಡರ ಆಯ್ಕೆ ವಿಶೇಷವಾಗಿ ತೊಡಕಿನದು. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಒಂದು. ಟೊಯೊಟಾದ ಅರ್ಬನ್ ಕ್ರೂಸರ್ ಹೈರೈಡರ್ ಇನ್ನೊಂದು. ತೊಡಕಿಗೆ ಕಾರಣ ಅವುಗಳ ಭೇದವಲ್ಲ, ಸಾಮ್ಯ. ಎರಡೂ 2022ರ ಸೆಪ್ಟೆಂಬರ್ ತಿಂಗಳಲ್ಲಿ ಮಾರುಕಟ್ಟೆಗೆ ಬಂದವು. ಎರಡೂ ತಯಾರಾದದ್ದು ಕರ್ನಾಟಕದಲ್ಲಿಯೇ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಎಂಜಿನ್ನುಗಳು ಒಂದೇ, ಅಡಿಗಟ್ಟು ಒಂದೇ, ಪೆಟ್ರೋಲ್ ಟ್ಯಾಂಕು ಹಿಡಿಯುವ 45 ಲೀಟರೂ ಒಂದೇ. 2023ರ ಜನವರಿಯಲ್ಲಿ ಗಾಳಿಚೀಲವನ್ನು ನಿಯಂತ್ರಿಸುವ ಭಾಗದಲ್ಲಿ ದೋಷದ ಶಂಕೆ ಬಂದಾಗ, ಆ ಭಾಗವನ್ನು ಬದಲಾಯಿಸಲು ಎರಡನ್ನೂ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅವಳಿ ಮಕ್ಕಳಲ್ಲಿ ಒಂದಕ್ಕೆ ನೆಗಡಿ ಬಂದರೆ ಇನ್ನೊಂದೂ ಸೀನುವುದು ಸಹಜವಷ್ಟೆ.

ಹಾಗಾದರೆ ಆರಿಸುವುದೇನನ್ನು? ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕು ಪಟ್ಟಣಗಳಲ್ಲಿ ಮೂರು ಮನೆಗಳನ್ನು ಕಲ್ಪಿಸಿಕೊಂಡರೆ ಉತ್ತರ ತಿಳಿಯಾಗುತ್ತದೆ.

ಮೊದಲನೆಯದು ಆಳಂದದ ಅಧ್ಯಾಪಕ ದಂಪತಿಗಳ ಮನೆ. ಮಗಳು ಕಲಬುರಗಿಯಲ್ಲಿ ಓದುತ್ತಿದ್ದಾಳೆ. ಮುದುಕಿಯಾದ ತಾಯಿಗೆ ಮೊಣಕಾಲಿನ ಬೇನೆ. ತಗ್ಗಾದ ಕಾರಿನಲ್ಲಿ ಕುಳಿತರೆ ಏಳಲಾರರು. ಎಸ್‌ಯುವಿಯ ಎತ್ತರದ ಆಸನವೇ ಅವರಿಗೆ ಅನುಕೂಲ. ಆದ್ದರಿಂದ ಈ ಮನೆಗೆ ಎಸ್‌ಯುವಿ ಬೇಕೆನ್ನುವುದು ಬಡಾಯಿಯ ಮಾತಲ್ಲ. ಆದರೆ ಯಜಮಾನರ ಮನಸ್ಸು ಬಲವಾದ ಹೈಬ್ರಿಡ್ ಮಾದರಿಯ ಮೇಲೆ ನೆಟ್ಟಿದೆ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಗಾಡಿಯನ್ನು ಎಳೆಯುತ್ತದೆ, ಬ್ರೇಕು ಒತ್ತಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಸೇರುತ್ತದೆ, ಲೀಟರಿಗೆ 27.97 ಕಿಲೋಮೀಟರ್ ಎಂದು ಕಂಪನಿಯೇ ಸಾರಿದೆ. ಇನ್ನೇನು ಬೇಕು?

ಬೇಕಾದದ್ದು ಸ್ವಲ್ಪ ಗಣಿತ. ಇದೇ ಗಾಡಿಯ ಸೌಮ್ಯ ಹೈಬ್ರಿಡ್ ಮಾದರಿಗೆ, ಕೈಗೇರಿನಲ್ಲಿ, ಸಾರಿದ ಮೈಲೇಜು 21.11 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಇದಕ್ಕೆ ಕಿಲೋಮೀಟರಿಗೆ ಸುಮಾರು 4 ರೂಪಾಯಿ 74 ಪೈಸೆ. ಬಲವಾದ ಹೈಬ್ರಿಡ್ಡಿಗೆ 3 ರೂಪಾಯಿ 58 ಪೈಸೆ. ಉಳಿತಾಯ 1 ರೂಪಾಯಿ 16 ಪೈಸೆ. ಬೆಲೆಯಲ್ಲಿ ಹೆಚ್ಚಿಗೆ ತೆತ್ತ ಒಂದೊಂದು ಲಕ್ಷ ರೂಪಾಯಿಯೂ ಮರಳಿ ಕೈಸೇರಬೇಕಾದರೆ ಗಾಡಿ 86,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಮನೆಗೆ ಅದು ಏಳು ವರ್ಷದ ಮಾತು. ಅಂತರ ಎರಡು ಲಕ್ಷವಾದರೆ ಹದಿನಾಲ್ಕು ವರ್ಷ. ಅಷ್ಟರಲ್ಲಿ ಮಗಳ ಮಗುವೂ ಶಾಲೆಗೆ ಹೋಗುತ್ತಿರುತ್ತದೆ.

ಇದರ ಮೇಲೆ ಇನ್ನೊಂದು ಮಾತಿದೆ. ಹೈಬ್ರಿಡ್ಡಿನ ಗುಣ ಪೂರ್ತಿಯಾಗಿ ಕಾಣುವುದು ನಿಂತು ನಿಂತು ಸಾಗುವ ಮಹಾನಗರದ ದಟ್ಟಣೆಯಲ್ಲಿ. ಆಳಂದದಿಂದ ಕಲಬುರಗಿಗೆ ಒಂದೇ ವೇಗದಲ್ಲಿ ಹೋಗುವ ಬಯಲು ದಾರಿಯಲ್ಲಿ ಬ್ರೇಕು ಒತ್ತುವ ಸಂದರ್ಭವೇ ಕಡಿಮೆ. ಬ್ಯಾಟರಿಗೆ ಸಿಗುವ ದಕ್ಷಿಣೆಯೂ ಕಡಿಮೆ. ಬ್ಯಾಟರಿಯು ಹಿಂಬದಿಯ ಸಾಮಾನಿನ ಜಾಗವನ್ನೂ ಕಬಳಿಸುತ್ತದೆ. ಅಜ್ಜಿಯ ನಡೆಗೋಲು, ಮಗಳ ಹಾಸಿಗೆ, ಪುಸ್ತಕದ ಪೆಟ್ಟಿಗೆ, ಊರಿಂದ ಒಯ್ಯುವ ಜೋಳದ ಚೀಲ, ಇವೆಲ್ಲಕ್ಕೂ ಅಲ್ಲಿ ಸ್ಥಳ ಸಿಗುವುದೇ ಎಂದು ಅಂಗಡಿಯಲ್ಲಿ ಡಿಕ್ಕಿ ತೆರೆಸಿ ನೋಡುವುದು ಲೇಸು. ಈ ಮನೆಗೆ ಸೌಮ್ಯ ಹೈಬ್ರಿಡ್ಡೇ ಸಾಕು. ಉಳಿದ ಹಣ ಮಗಳ ಓದಿಗೆ ಸಲ್ಲಲಿ.

ಎರಡನೆಯದು ಅಫಜಲಪುರದ ವಕೀಲರ ಮನೆ. ಭೀಮಾತೀರದಲ್ಲಿ ಕಬ್ಬಿನ ಹೊಲ, ಸೊಲ್ಲಾಪುರದಲ್ಲಿ ಬಂಧುಬಳಗ. ಹತ್ತರಿಂದ ಇಪ್ಪತ್ತು ಲಕ್ಷ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇಕಡಾ 17, ಅದರ ಮೇಲೆ ಉಪಕರ. ಮಹಾರಾಷ್ಟ್ರದಲ್ಲಿ ದರ ಇದಕ್ಕಿಂತ ಕಡಿಮೆ. ‘ಸೊಲ್ಲಾಪುರದ ಭಾವನ ವಿಳಾಸ ಕೊಟ್ಟು ಅಲ್ಲಿಯೇ ನೋಂದಾಯಿಸಿದರಾಯಿತು’ ಎಂಬ ಸಲಹೆ ಮನೆಬಾಗಿಲಿಗೇ ಬಂದಿದೆ. ಗಡಿಯಂಚಿನ ಊರುಗಳಲ್ಲಿ ಇಂಥ ಸಲಹೆಗೆ ಬರವಿಲ್ಲ.

ಆದರೆ 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಆಗ ಇಲ್ಲಿಯ ತೆರಿಗೆಯನ್ನು ಕಟ್ಟಿ, ಅಲ್ಲಿ ಕಟ್ಟಿದ್ದನ್ನು ಮರಳಿ ಪಡೆಯಲು ಅರ್ಜಿ ಹಿಡಿದು ಅಲೆಯಬೇಕು. ಎಂಎಚ್-13 ಎಂಬ ಫಲಕದ ಗಾಡಿ ದಿನವೂ ಅಫಜಲಪುರದ ನ್ಯಾಯಾಲಯದ ಎದುರು ನಿಂತಿದ್ದರೆ ಅದನ್ನು ಯಾರೂ ಗಮನಿಸುವುದಿಲ್ಲವೆಂದು ನಂಬುವುದು ಕಷ್ಟ. ಕಲಬುರಗಿಯ ಕೆಎ-32 ಫಲಕಕ್ಕೆ ತೆತ್ತ ಹಣದಲ್ಲಿ ರಾತ್ರಿಯ ನಿದ್ರೆಯ ಬೆಲೆಯೂ ಸೇರಿದೆ.

ಇದೇ ವಕೀಲರು ಮತ್ತೊಂದನ್ನು ಮರೆಯಬಾರದು. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಭೀಮೆ ಉಕ್ಕಿ ಹರಿದು ದಂಡೆಯ ಊರುಗಳನ್ನು ಕಾಡಿದಳು. ಸಾಧಾರಣ ವಿಮೆಯಲ್ಲಿ ಪ್ರವಾಹದ ಹಾನಿ ಸೇರಿದ್ದರೂ, ನೀರು ತುಂಬಿದ ಎಂಜಿನ್ನನ್ನು ಚಾಲೂ ಮಾಡಿ ಕೆಡಿಸಿಕೊಂಡರೆ ಪರಿಹಾರ ಸಿಗುವುದು ದುರ್ಲಭ. ‘ಎಂಜಿನ್ ರಕ್ಷಣೆ’ ಎಂಬ ಹೆಚ್ಚುವರಿ ವಿಮೆಯನ್ನು ಕೇಳಿ ಬರೆಸಿಕೊಳ್ಳುವುದು ಹೊಳೆಯ ದಂಡೆಯವರಿಗೆ ಅಗತ್ಯ. ಮಿರುಗುವ ಚಕ್ರಗಳಿಗೆ ಖರ್ಚುಮಾಡುವ ಹಣದ ಒಂದು ಪಾಲು ಅದಕ್ಕೆ ಸಾಕಾದೀತು.

ಮೂರನೆಯದು ಜೇವರ್ಗಿಯ ತೊಗರಿ ವರ್ತಕರ ಮನೆ. ಇವರ ಓಡಾಟ ಎರಡು ಬಗೆಯದು: ಅಡತಿಯ ಕೆಲಸಕ್ಕೆ ಕಲಬುರಗಿಗೆ ಹೆದ್ದಾರಿಯ ದಾರಿ, ಹಳ್ಳಿಗಳಿಗೆ ಎರೆಭೂಮಿಯ ಬಂಡಿದಾರಿ. ಮಳೆ ಬಿದ್ದ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಬಂಡಿಯ ಎತ್ತೂ ನಿಂತುಬಿಡುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಮಾದರಿ ಈ ಅವಳಿಗಳಲ್ಲಿ ಉಂಟು. ಅದು ದೊರೆಯುವುದು ಸೌಮ್ಯ ಹೈಬ್ರಿಡ್ಡಿನ ಮೇಲ್ದರ್ಜೆಯಲ್ಲಿ ಮಾತ್ರ, ಬಲವಾದ ಹೈಬ್ರಿಡ್ಡಿನಲ್ಲಿ ಇಲ್ಲ. ವರ್ಷದಲ್ಲಿ ಹತ್ತು ದಿನದ ಕೆಸರಿಗಾಗಿ ಮುನ್ನೂರೈವತ್ತು ದಿನವೂ ಆ ಭಾರವನ್ನು ಹೊರುವುದೇ ಎಂಬುದನ್ನು ಅವರೇ ತೂಗಿ ನೋಡಬೇಕು. ತೂಗುವುದು ಅವರ ಕುಲಕಸುಬು.

ಈ ಮನೆಯಲ್ಲಿ ಪ್ರಶ್ನೆ ಕೇಳಿದವರು ಗೃಹಿಣಿ. ‘ಎರಡೂ ಒಂದೇ ಅಂದ್ರ, ಎರಡು ಹೆಸರು ಯಾಕ್ರೀ?’ ಇಡೀ ವ್ಯವಹಾರದ ಕೀಲಿ ಈ ಪ್ರಶ್ನೆಯಲ್ಲಿದೆ. ಒಂದು ಕಂಪನಿಗೆ ಹೈಬ್ರಿಡ್ ವಿದ್ಯೆಯಿತ್ತು, ಇನ್ನೊಂದಕ್ಕೆ ದೇಶದ ಮೂಲೆಮೂಲೆಯ ಅಂಗಡಿಗಳಿದ್ದವು. 2017ರಿಂದ ಇಬ್ಬರೂ ಕೈಜೋಡಿಸಿದರು. ಮುಖದ ಚೆಲುವು ಬೇರೆ ಮಾಡಿದರು, ಒಡಲು ಒಂದೇ ಇಟ್ಟರು. ಆದ್ದರಿಂದ ಕೊಳ್ಳುವವರು ಹೋಲಿಸಬೇಕಾದದ್ದು ಗಾಡಿಗಳನ್ನಲ್ಲ, ಗಾಡಿಯ ಹಿಂದಿರುವ ಅಂಗಡಿಗಳನ್ನು. ಮಾರುತಿಯ ಸೇವಾಕೇಂದ್ರಗಳ ಸಂಖ್ಯೆ ದೇಶದಲ್ಲಿ ಐದು ಸಾವಿರ ದಾಟಿದೆ. ಟೊಯೊಟಾದ ಜಾಲ ಅದಕ್ಕಿಂತ ಚಿಕ್ಕದು. ಆದರೆ ಎಣಿಕೆಯೊಂದೇ ಸಾಲದು. ಹೈಬ್ರಿಡ್ ಬ್ಯಾಟರಿಯನ್ನು ಮುಟ್ಟಬಲ್ಲ ತರಬೇತಾದ ಕೈ ಹತ್ತಿರದ ಕೇಂದ್ರದಲ್ಲಿ ಇದೆಯೇ? ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ? ಗಾಡಿ ಎಷ್ಟು ವಾರಕ್ಕೆ ಕೈಸೇರುತ್ತದೆ? ಈ ಮೂರನ್ನು ಎರಡೂ ಅಂಗಡಿಗಳಲ್ಲಿ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಹಳೆಯ ಗಾಡಿಯನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎಲ್ಲ ಮಾದರಿಗಳಿಗೂ ಆರು ಗಾಳಿಚೀಲಗಳನ್ನು ಎರಡೂ ಕಂಪನಿಗಳು ಕಡ್ಡಾಯವಾಗಿ ಅಳವಡಿಸಿದ್ದು 2025ರಲ್ಲಿ. ಅದಕ್ಕೆ ಮುಂಚಿನ ಕೆಳದರ್ಜೆಯ ಗಾಡಿಗಳಲ್ಲಿ ಅವು ಎರಡೇ ಇರಬಹುದು. ಬಣ್ಣ ನೋಡುವ ಮೊದಲು ಅವನ್ನು ಎಣಿಸಬೇಕು. ಹಿಂದೆ ಹೇಳಿದ ದುರಸ್ತಿಗಾಗಿ ಕರೆಸಿಕೊಂಡಾಗ ಆ ಗಾಡಿ ಹೋಗಿ ಬಂದಿದೆಯೇ ಎಂಬುದನ್ನು ಚಾಸಿ ಸಂಖ್ಯೆ ಕೊಟ್ಟು ಕಂಪನಿಯಿಂದಲೇ ತಿಳಿಯಬೇಕು.

ಕೊನೆಗೆ, ಪರೀಕ್ಷೆಗೆಂದು ಗಾಡಿ ಓಡಿಸುವ ದಿನ ಯಜಮಾನನೊಬ್ಬನೇ ಹೋಗುವುದು ನಮ್ಮ ಮನೆಗಳ ಹಳೆಯ ಚಾಳಿ. ಅದನ್ನು ಬಿಡಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಲಬುರಗಿಯ ಬಿಸಿಲು ನೆತ್ತಿಯ ಮೇಲಿರುವಾಗ, ಅಜ್ಜಿಯನ್ನು ಹಿಂದಿನ ಆಸನದಲ್ಲಿ ಕೂಡಿಸಿಕೊಂಡು ಹೊರಡಬೇಕು. ಹತ್ತುವಾಗ ಮೊಣಕಾಲು ಏನೆನ್ನುತ್ತದೆ, ತಂಪುಗಾಳಿ ಹಿಂದಕ್ಕೆ ಮುಟ್ಟುತ್ತದೆಯೇ, ರಸ್ತೆಯ ಉಬ್ಬಿನಲ್ಲಿ ಬೆನ್ನು ಹೇಗಿದೆ ಎಂದು ಅವರನ್ನೇ ಕೇಳಬೇಕು. ಅವರು ಕೊಡುವ ತೀರ್ಪಿಗೆ ಯಾವ ಜಾಹೀರಾತಿನ ಹಂಗೂ ಇರುವುದಿಲ್ಲ.