ಪಂಚಾಂಗದ ಮೇಲಣ ಹೆಬ್ಬೆಟ್ಟು

ಮೊಮ್ಮಗುವಿನ ಕೈಯನ್ನು ಬೆಳಕಿಗೆ ಹಿಡಿದು, ‘ಇದು ಶಂಖ, ಇದು ಚಕ್ರ’ ಎಂದು ಎಣಿಸದ ಅಜ್ಜಿಯರು ನಮ್ಮ ಮನೆಗಳಲ್ಲಿ ವಿರಳ. ಸಾಮುದ್ರಿಕರು ಈ ರೇಖೆಗಳಲ್ಲಿ ಭಾಗ್ಯವನ್ನು ಓದುವರು. ಅದರ ಸತ್ಯಾಸತ್ಯವನ್ನು ನಾನಿಲ್ಲಿ ವಿಚಾರಿಸತಕ್ಕವನಲ್ಲ. ಅವೇ ಶಂಖಚಕ್ರಗಳಿಂದ ‘ಇವನಾರು’ ಎಂಬುದನ್ನು ನಿರ್ಣಯಿಸುವ ಶಾಸ್ತ್ರವೊಂದುಂಟು. ಅದಕ್ಕೆ ಕ್ರಮಬದ್ಧವಾದ ರೂಪ ಬಂದುದು ನಮ್ಮ ದೇಶದ ಕಲ್ಕತ್ತೆಯಲ್ಲಿ ಎಂಬುದನ್ನು ವಾಚಕ ಮಹಾಶಯರು ತಿಳಿದಿರುವುದು ಯುಕ್ತವಾಗಿದೆ.

ಬೆರಳ ತುದಿಯ ಚರ್ಮವು ನುಣುಪಾದುದಲ್ಲ; ಉತ್ತ ಹೊಲದಂತೆ ಏರುಗಳಿಂದಲೂ ಸಾಲುಗಳಿಂದಲೂ ಕೂಡಿದೆ. ಶಿಶುವು ಗರ್ಭದಲ್ಲಿರುವಾಗಲೇ ಮೂಡುವ ಈ ಏರುಗಳು ಮರಣಪರ್ಯಂತ ತಮ್ಮ ವಿನ್ಯಾಸವನ್ನು ಬಿಡುವುದಿಲ್ಲ. ಮೇಲ್ಚರ್ಮ ಸುಟ್ಟು ಸುಲಿದರೂ ಹೊಸ ಚರ್ಮವು ಅದೇ ಅಚ್ಚಿನಲ್ಲಿ ಬೆಳೆಯುವುದು. ಒಳಪದರಕ್ಕೆ ಪೆಟ್ಟು ತಗಲಿದರೆ ಕಲೆಯುಳಿಯುವುದು. ಆದರೆ ಆ ಕಲೆಯೂ ಒಂದು ಗುರುತೇ ಸರಿ! ಅವಳಿಜವಳಿ ಮಕ್ಕಳಲ್ಲಿಯೂ ಈ ವಿನ್ಯಾಸವು ಒಂದೇ ಆಗಿರುವುದಿಲ್ಲ. ಏರುಗಳ ಮೇಲೆ ಬೆವರಿನ ಸೂಕ್ಷ್ಮ ರಂಧ್ರಗಳಿರುವುದರಿಂದ, ಮುಟ್ಟಿದ ಗಾಜಿನ ಮೇಲೆ ಕಾಣದ ಅಚ್ಚೊಂದು ಉಳಿಯುವುದು. ನುಣ್ಣನೆಯ ಪುಡಿಯನ್ನು ಕುಂಚದಿಂದ ಸವರಿದರೆ ಅದು ಕಣ್ಣಿಗೆ ಗೋಚರವಾಗುವುದು.

ವಿನ್ಯಾಸಗಳು ಮುಖ್ಯವಾಗಿ ಮೂರು: ಕಮಾನು, ಕುಣಿಕೆ, ಸುಳಿ. ಅಜ್ಜಿಯರ ಶಂಖವು ಸಾಮಾನ್ಯವಾಗಿ ಕುಣಿಕೆ, ಚಕ್ರವು ಸುಳಿ. ನೂರು ಬೆರಳುಗಳಲ್ಲಿ ಹೆಚ್ಚುಕಡಿಮೆ 65 ಕುಣಿಕೆಗಳು, 30 ಸುಳಿಗಳು, 5 ಕಮಾನುಗಳು. ಆದಕಾರಣ ಬಗೆ ಒಂದೇ ಆದ ಮಾತ್ರಕ್ಕೆ ಮನುಷ್ಯನೂ ಒಬ್ಬನೇ ಎನ್ನಲಾಗದು. ಯಾವ ಏರು ಎಲ್ಲಿ ತಟ್ಟನೆ ಮುಗಿಯಿತು, ಯಾವುದು ಎಲ್ಲಿ ಕವಲೊಡೆಯಿತು ಎಂಬೀ ಸಣ್ಣ ಗುರುತುಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು.

1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ಲರು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರಕ್ಕೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡರು. ಇಂಗ್ಲೆಂಡಿನ ಗಾಲ್ಟನ್ನರು 1892ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ಬರೆದರು. ಆದರೆ ಸಾವಿರಾರು ಅಚ್ಚುಗಳ ರಾಶಿಯಲ್ಲಿ ಬೇಕಾದ ಒಂದನ್ನು ಹುಡುಕುವ ಬಗೆ ಹೇಗೆ? ಬಂಗಾಳದ ಪೋಲೀಸು ಮುಖ್ಯಾಧಿಕಾರಿ ಎಡ್ವರ್ಡ್ ಹೆನ್ರಿಯವರ ಕೈಕೆಳಗಿದ್ದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬಿಬ್ಬರು ಇದಕ್ಕೆ ಗಣಿತದಿಂದ ದಾರಿ ಕಂಡುಹಿಡಿಯಲು ದುಡಿದರು. ಪ್ರತಿಯೊಂದು ಬೆರಳಿನಲ್ಲಿಯೂ ಸುಳಿಯುಂಟೋ ಇಲ್ಲವೋ ಎಂಬ ಎರಡೇ ಪಕ್ಷಗಳು. ಹತ್ತು ಬೆರಳುಗಳಿಗೆ ಎರಡನ್ನು ಹತ್ತು ಸಲ ಗುಣಿಸಿದರೆ 1024. ಅಷ್ಟು ಗೂಡುಗಳಲ್ಲಿ ಹಾಳೆಗಳನ್ನು ವಿಂಗಡಿಸಿಟ್ಟರೆ, ಹುಡುಕತಕ್ಕವನು ಸರಿಯಾದ ಗೂಡಿಗೇ ಕೈಹಾಕಬಹುದು. 1897ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕಾಗಿ ಕಚೇರಿಯು ಸ್ಥಾಪಿತವಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡು ಈ ಪದ್ಧತಿಯನ್ನು ಹಿಡಿದದ್ದು 1901ರಲ್ಲಿ. ಪದ್ಧತಿಗೆ ಮಾತ್ರ ಹೆನ್ರಿಯವರ ಹೆಸರೊಂದೇ ನಿಂತಿತು. ಲೆಕ್ಕ ಬಿಡಿಸಿದವರ ಹೆಸರು ಮರೆಯಲ್ಲಿ ಉಳಿದದ್ದು ಅನ್ಯಾಯವೆಂದೇ ನನ್ನ ಮತ.

ಆ 1897ರಲ್ಲಿಯೇ ಜಲಪಾಯಿಗುಡಿಯ ಚಹದ ತೋಟವೊಂದರ ಮೇನೇಜರನು ಹಾಸಿಗೆಯಲ್ಲಿ ಕತ್ತು ಕೊಯ್ಯಲ್ಪಟ್ಟು ಬಿದ್ದಿದ್ದನು, ಹಣವು ಅಪಹೃತವಾಗಿತ್ತು. ಕೂಲಿಗಳ ಮೇಲೆ, ಅಡಿಗೆಯವನ ಮೇಲೆ, ಅಲೆದಾಡುವ ಕಾಬೂಲಿಗಳ ಮೇಲೆ ಸಂಶಯ ಹುಟ್ಟಿತು. ಸತ್ತವನ ಕಾಗದಗಳ ನಡುವೆ ನೀಲಿ ಹೊದಿಕೆಯ ಬಂಗಾಳಿ ಪಂಚಾಂಗವೊಂದಿದ್ದು, ಅದರ ಮೇಲೆ ಕಂದುಬಣ್ಣದ ಕರೆಗಳಿದ್ದವು. ಒಂದರಲ್ಲಿ ಬಲಗೈ ಹೆಬ್ಬೆಟ್ಟಿನ ರೇಖೆಗಳು ಕಂಡವು. ಕಲ್ಕತ್ತೆಯಲ್ಲಿ ಹುಡುಕಲಾಗಿ, ಹಿಂದೆ ಕಳ್ಳತನಕ್ಕಾಗಿ ಸೆರೆವಾಸವನ್ನನುಭವಿಸಿದ್ದ ಆತನ ಹಳೆಯ ಸೇವಕನೊಬ್ಬನ ಅಚ್ಚಿಗೆ ಅದು ತಾಳೆಯಾಯಿತು. ಕರೆಯು ರಕ್ತದ್ದೆಂದು ರಸಾಯನ ಪರೀಕ್ಷಕರೂ ಹೇಳಿದರು. ಇಷ್ಟಿದ್ದರೂ 1898ರಲ್ಲಿ ನ್ಯಾಯಾಧೀಶರು ಅವನನ್ನು ಕಳ್ಳತನಕ್ಕೆ ಮಾತ್ರ ಶಿಕ್ಷಿಸಿ, ಕಣ್ಣಾರೆ ಕಂಡ ಸಾಕ್ಷಿಗಳಿಲ್ಲದುದರಿಂದ ಕೊಲೆಯ ಆರೋಪದಿಂದ ಬಿಟ್ಟರು. ಹೆಬ್ಬೆಟ್ಟು ‘ಮುಟ್ಟಿದೆನು’ ಎಂದಿತೇ ಹೊರತು ‘ಕೊಂದೆನು’ ಎನ್ನಲಿಲ್ಲ. ಆ ತೀರ್ಪು ಅತಿಯಾದ ಅಂಜಿಕೆಯೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ.

ಈಗ ಗೂಡುಗಳ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಅದು ಹೋಲುವ ಅಚ್ಚುಗಳನ್ನು ಹೆಕ್ಕಿ ಮುಂದಿಡುವುದು. ಮಸಕಾದ ಅಚ್ಚಿನ ವಿಷಯದಲ್ಲಿ ಕೊನೆಯ ಮಾತು ಪರೀಕ್ಷಕನದೇ. 2004ನೆಯ ಮಾರ್ಚಿಯಲ್ಲಿ ಸ್ಪೇನಿನ ಮ್ಯಾಡ್ರಿಡ್ಡಿನ ರೈಲುಗಳಲ್ಲಿ ಬಾಂಬುಗಳು ಸಿಡಿದಾಗ ದೊರೆತ ಚೀಲವೊಂದರ ಮೇಲಿನ ಅಚ್ಚನ್ನು ಅಮೆರಿಕದ ಪರೀಕ್ಷಕರು ತಮ್ಮ ದೇಶದ ವಕೀಲನೊಬ್ಬನದೆಂದು ಸಾಧಿಸಿದರು. ಒಬ್ಬನ ಅಭಿಪ್ರಾಯಕ್ಕೆ ಮತ್ತೊಬ್ಬನು ತಲೆದೂಗಿದನು. ಸ್ಪೇನಿನವರು ಒಪ್ಪದಿದ್ದರೂ ಮೇ ತಿಂಗಳಿನಲ್ಲಿ ಅವನನ್ನು ಹಿಡಿದಿಟ್ಟರು. ಎರಡು ವಾರಗಳ ತರುವಾಯ ಸ್ಪೇನಿನ ಪೋಲೀಸರು ಆ ಅಚ್ಚು ಅಲ್ಜೀರಿಯದವನೊಬ್ಬನದೆಂದು ಕಂಡುಹಿಡಿಯಲು ವಕೀಲನಿಗೆ ಬಿಡುಗಡೆಯಾಯಿತು. ಅಮೆರಿಕದ ಸರಕಾರವು ಕ್ಷಮೆ ಬೇಡಿ, 2006ರಲ್ಲಿ ಅವನಿಗೆ 20 ಲಕ್ಷ ಡಾಲರುಗಳ ಪರಿಹಾರವನ್ನು ಕೊಟ್ಟಿತು.