ಪಹಣಿ ನೋಡ್ತೀರಿ, ನಿಮ್ಮ ಹೆಸರನ್ನೂ ಒಮ್ಮೆ ನೋಡಿ

ಪಹಣಿಯಲ್ಲಿ ಒಂದು ಗುಂಟೆ ಹೆಚ್ಚುಕಮ್ಮಿ ಆದರೆ ನಾಡಕಚೇರಿಗೆ ಹತ್ತು ಸಲ ಅಲೀತೀವಿ. ಆದರೆ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆ ಆಗ್ತಿದೆ ಅಂತ ಒಂದು ಸಲವೂ ನೋಡೋದಿಲ್ಲ. ನನ್ನ ಪ್ರಕಾರ ಇವತ್ತಿನ ರೈತನಿಗೆ ಎರಡೂ ಒಂದೇ ತೂಕದ ಕೆಲಸ.

"ನಮ್ಮ ಅಕೌಂಟಲ್ಲಿ ಕದಿಯೋಕೆ ಏನಿದೆ?" ಅಂತ ಗೆಳೆಯರು ನಗ್ತಾರೆ. ಕಳ್ಳನಿಗೆ ದುಡ್ಡೇ ಬೇಕಂತಿಲ್ಲ, ಹೆಸರು ಸಾಕು. ನಿಮ್ಮ ಹೆಸರಲ್ಲಿ ಸಿಮ್ ತಗೊಂಡು ಯಾರಿಗೋ ಮೋಸ ಮಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರೋದು ನಿಮ್ಮನ್ನೇ. ನಿಮ್ಮ ಪ್ಯಾನ್ ಕೊಟ್ಟು ಯಾವುದೋ ಲೋನ್ ಆ್ಯಪ್‌ನಲ್ಲಿ ಸಾಲ ಎತ್ತಿ ಕಟ್ಟದೆ ಬಿಟ್ಟರೆ, ಬೆಳೆಸಾಲಕ್ಕೆ ಹೋದಾಗ ಬ್ಯಾಂಕಿನವರು ಆ ಬಾಕಿಯನ್ನು ನಿಮ್ಮ ಮುಂದೆಯೇ ಇಡ್ತಾರೆ. ಅದು ನಿಮ್ಮದಲ್ಲ ಅಂತ ಸಾಬೀತು ಮಾಡೋ ಹೊತ್ತಿಗೆ ಬಿತ್ತನೆ ಹದ ಹೋಗಿರುತ್ತದೆ.

2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದು ನೆನಪಿದೆಯಾ? ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ ಜನರ ಖಾತೆಯಿಂದ ಹಣ ತೆಗೆದರು. ಆಧಾರ್ ಆಧಾರಿತ ಪಾವತಿಗೆ ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು ಇಷ್ಟೇ ಸಾಕು. "ನಾನು ಒಟಿಪಿ ಯಾರಿಗೂ ಹೇಳಲ್ಲ" ಅನ್ನೋ ಧೈರ್ಯ ಇಲ್ಲಿ ಉಪಯೋಗಕ್ಕೆ ಬರಲ್ಲ.

ಅದಕ್ಕೆ ಯುಐಡಿಎಐ ವೆಬ್‌ಸೈಟಿಗೆ ಹೋಗಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ನ್ಯಾಯಬೆಲೆ ಅಂಗಡೀಲಿ ಹೆಬ್ಬೆಟ್ಟು ಒತ್ತೋ ಮುಂಚೆ ತಾತ್ಕಾಲಿಕವಾಗಿ ತೆಗೆಯಬೇಕು, ಇಲ್ಲಾಂದ್ರೆ ಅಕ್ಕಿ ಸಿಗದೆ ಅಮ್ಮ ಬೈತಾರೆ. ಅದೇ ಕಡೆ ನಿಮ್ಮ ಆಧಾರ್ ಯಾವಾಗ ಬಳಕೆ ಆಗಿದೆ ಅನ್ನೋ ಪಟ್ಟಿಯೂ ಸಿಗುತ್ತದೆ. ನೀವು ಗದ್ದೇಲಿದ್ದ ದಿನ ಯಾವ ಬ್ಯಾಂಕೋ ನಿಮ್ಮ ಬೆರಳು ತಗೊಂಡಂಗೆ ಇದ್ದರೆ ಸುಮ್ಮನೆ ಬಿಡಬೇಡಿ. ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನ ಸಿಮ್‌ಗಳೆಲ್ಲ ಕಾಣುತ್ತವೆ, ನಿಮ್ಮದಲ್ಲದ್ದನ್ನು ಅಲ್ಲೇ ದೂರಬಹುದು. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಲೇಬೇಕು. ಬೆಳೆಸಾಲ ನವೀಕರಣಕ್ಕೆ ಎರಡು ತಿಂಗಳ ಮುಂಚೆ ತೆಗೆಸಿ ನೋಡಿ. ಕೊನೇ ವಾರ ನೋಡಿ ಏನೂ ಪ್ರಯೋಜನ ಇಲ್ಲ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಅಪ್ಪಂದಿರದ್ದು. ಜಮೀನು, ಖಾತೆ, ಪಿಎಂ ಕಿಸಾನ್ ಎಲ್ಲ ಅವರ ಹೆಸರಲ್ಲಿ. ಸ್ಮಾರ್ಟ್‌ಫೋನ್ ನಮ್ಮ ಕೈಲಿ. ಅವರ ಆಧಾರ್‌ಗೆ ಜೋಡಿಸಿದ ನಂಬರ್ ಎಷ್ಟೋ ಮನೇಲಿ ರೀಚಾರ್ಜ್ ಇಲ್ಲದೆ ಸತ್ತು ಹೋಗಿದೆ. ಹಾಗೆ ನಿಂತ ನಂಬರನ್ನು ಕಂಪನಿಯವರು ಮುಂದೆ ಬೇರೆಯವರಿಗೆ ಕೊಡ್ತಾರೆ. ಆಮೇಲೆ ಅಪ್ಪನ ಒಟಿಪಿ ಹೋಗೋದು ಗುರುತಿಲ್ಲದವನ ಫೋನಿಗೆ. ಇವತ್ತೇ ಮನೇಲಿ ಕೇಳಿ, ಯಾವ ನಂಬರ್ ಕೊಟ್ಟಿದ್ದಾರೆ ಅಂತ. ಹಳೇದಾಗಿದ್ದರೆ ಆಧಾರ್ ಕೇಂದ್ರಕ್ಕೆ ಕರಕೊಂಡು ಹೋಗಿ ಬದಲಾಯಿಸಿ, ಆಮೇಲೆ ಬ್ಯಾಂಕಿನಲ್ಲೂ.

ಹಂಗಂತ ಎಲ್ಲ ಹೊರೆ ರೈತನ ಮೇಲೇ ಹಾಕೋದನ್ನು ನಾನು ಒಪ್ಪಲ್ಲ. ಫಲಾನುಭವಿಗಳ ಪಟ್ಟಿ ಅಂತ ಖಾತೆ ನಂಬರ್, ಫೋನ್ ನಂಬರ್ ಸಮೇತ ಫೋಟೋ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕೋರು ಯಾರು? ಸಬ್ಸಿಡಿ ಪೈಪಿನ ಅರ್ಜಿಗೆ ಆಧಾರ್, ಪಾಸ್‌ಬುಕ್ ವಾಟ್ಸ್ಆ್ಯಪ್ ಮಾಡಿ ಅನ್ನೋರು ಯಾರು? ಹೆಸರು, ಊರು, ಸರ್ವೆ ನಂಬರ್ ಇದ್ದರೆ ಪಟ್ಟಿಗೆ ಸಾಕು. ಇದನ್ನು ಸಂಘದ ಕಾರ್ಯದರ್ಶಿಗೆ ಮುಖಕ್ಕೆ ಮುಖ ಕೊಟ್ಟು ಹೇಳಬೇಕು, ಗ್ರಾಮಸಭೆಯಲ್ಲೂ ಎತ್ತಬೇಕು. ಆಧಾರ್ ಕೊಡಲೇಬೇಕಾದ ಕಡೆ, ಅವರು ಒಪ್ಪಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ. ಜೆರಾಕ್ಸ್ ಅಂಗಡಿಯವನ ಫೋನಿಗೆ ಕಳಿಸಿದ ಫೈಲನ್ನು ನಿಮ್ಮೆದುರೇ ಡಿಲೀಟ್ ಮಾಡಿಸಿ.

ಹಣ ಹೋಗಿದೆ ಅಂತ ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಸೋಮವಾರ ಸಂತೆಗೆ ಹೋದಾಗ ನೋಡಿಕೊಂಡ್ರಾಯ್ತು ಅಂತ ಕೂರಬೇಡಿ.